ನನ್ನ ಕಡೆಯ ಬ್ರೇಕು

ಫೆಬ್ರವರಿ ೩

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಹಡಗುಕಟ್ಟೆಯ ಆಫೀಸಿಗೆ ಫೋನ್ ಮಾಡಿದರೆ ನಿನ್ನನ್ನು ಹುಡುಕಿ ಕರೆತರುವಷ್ಟರಲ್ಲಿ ಹೇಳಬೇಕಾದದ್ದೇ ಮರೆತುಹೋಗಿರುತ್ತದೆ. ನೀನು ಬಂದ ಮೇಲೂ ಸುತ್ತಿಗೆ ಸದ್ದಿನಲ್ಲಿ ಇಬ್ಬರೂ ಕಿರುಚಾಡಿ ಕೊನೆಗೆ ಜಗಳವಾದಂತಾಗುತ್ತದೆ. ಅದಕ್ಕೇ ಕಾಗದ.

ವಿಷಯ ನಮ್ಮ ಕಪ್ಪೆ ಕಾರಿನದು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿದ್ದರೂ ಹೆಸರಿಗೆ ತಕ್ಕಂತೆ ಕುಪ್ಪಳಿಸುವುದನ್ನು ಅದು ಬಿಟ್ಟಿಲ್ಲ; ಅದಕ್ಕೆ ಕಾರಣ ಕ್ಲಚ್ ಬಿಡಲು ಬಾರದ ನನ್ನ ಶಿಷ್ಯೆಯರು. ಈಗಿನ ತೊಂದರೆ ಅದಲ್ಲ. ಪಾಠ ಹೇಳುವಾಗ ನಾನು ಕೂರುತ್ತೇನಲ್ಲ, ಆ ಕಡೆಯ ಬ್ರೇಕು ತಡವಾಗಿ ಹಿಡಿಯುತ್ತಿದೆ. ನಿನ್ನ ಭಾವ ತೀರಿಕೊಂಡ ವರ್ಷ, ನಾನು ಡ್ರೈವಿಂಗ್ ಸ್ಕೂಲ್ ಶುರುಮಾಡುತ್ತೇನೆಂದಾಗ, ನೀನೇ ರಜೆ ಹಾಕಿ ಬಂದು ಗಾಡಿಯ ಕೆಳಗೆ ಅಂಗಾತ ಮಲಗಿ ಕೂರಿಸಿದ ಪೆಡಲು ಅದು. ಇಪ್ಪತ್ತೊಂದು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಕಳೆದ ವಾರ ನಮ್ಮ ಬೀದಿಯ ದರ್ಜಿ ಹೆಂಗಸು ಓಡಿಸುತ್ತಿದ್ದಳು. ತಿರುವಿನಲ್ಲಿ ಅವಳು ಗಾಬರಿಯಾದಳು, ನಾನು ಒತ್ತಿದೆ. ಗಾಡಿ ಒಂದು ಕ್ಷಣ ಯೋಚನೆ ಮಾಡಿದಂತೆ ಮಾಡಿ, ಕಸದ ಡಬ್ಬಿಗೆ ಮುತ್ತಿಟ್ಟು ಆಮೇಲೆ ನಿಂತಿತು.

ಗ್ಯಾರೇಜಿನ ಮೌನಿ ಎರಡು ಸಲ ಬಿಚ್ಚಿ ನೋಡಿದ. ಬ್ರೇಕ್ ಪ್ಯಾಡ್ ಬದಲಿಸಿದ, ಆಯಿಲ್ ಬದಲಿಸಿದ. "ಏನೂ ಇಲ್ಲ ಅಕ್ಕಾವ್ರೆ" ಎಂದ. ಅವನ ಬಾಯಿಂದ ಮೂರು ಪದ ಬಂದದ್ದೇ ದೊಡ್ಡದು.

ಈಗ ಹೇಳು, ಇನ್ನೊಮ್ಮೆ ರಿಪೇರಿಯೋ, ಬೇರೆ ಗಾಡಿಯೋ? ಗಾಡಿಯ ಆರ್‌ಸಿ ಪುಸ್ತಕದಲ್ಲಿ ನಿನ್ನ ಹೆಸರೂ ಇದೆ, ಕೇಳದೆ ಏನೂ ಮಾಡುವಂತಿಲ್ಲ. ನನಗಂತೂ ಕೊಡಲು ಮನಸ್ಸಿಲ್ಲ.

ಉಳಿದಂತೆ ಕ್ಷೇಮ. ಮರೆವು ಮಾತ್ರ ಹೆಚ್ಚಾಗಿದೆ. ಮೊನ್ನೆ ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದೇನೆ! ಇನ್ನೊಂದು ದಾರಿಯಲ್ಲೆಲ್ಲೋ. ನಗಬೇಡ.

ನಿನ್ನ ಅಕ್ಕ


ಫೆಬ್ರವರಿ ೧೪

ಅಕ್ಕ,

ನಿನ್ನ ಕಾಗದವನ್ನು ಮಧ್ಯಾಹ್ನದ ಬಿಡುವಿನಲ್ಲಿ ಓದಿದೆ. ನಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರಾಯಿತು.

ಆ ಪೆಡಲಿಗೆ ನಾನು ಹಾಕಿದ ಬೆಸುಗೆ ಬಿಡುವಂಥದ್ದಲ್ಲ. ಅದೇ ಕೈಯಲ್ಲಿ ನಾನು ಹಡಗುಗಳ ಹೊಟ್ಟೆಗೆ ತೇಪೆ ಹಾಕಿದ್ದೇನೆ. ಅವು ಸಮುದ್ರ ದಾಟಿ ಹೋಗಿ ವಾಪಸ್ಸೂ ಬಂದಿವೆ. ಶಿಷ್ಯೆಯರ ಪೆಡಲು ಸರಿಯಾಗಿ ಹಿಡಿಯುತ್ತದೆ, ನಾನು ಕೂರಿಸಿದ್ದು ಮಾತ್ರ ತಡ ಎಂದರೆ ಅರ್ಥವೇನು? ನೇರವಾಗಿ ಬರೆಯಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪ್ರಾಯ ಐವತ್ತೇಳಾಯಿತು ನಿನಗೆ. ಒತ್ತುವುದು ಒಂದು ಗಳಿಗೆ ತಡವಾದರೆ ಅದು ಗಾಡಿಯ ತಪ್ಪಲ್ಲ. ತಮಾಷೆಗೆ ಹೇಳಿದೆ, ಮುಖ ಊದಿಸಬೇಡ.

ನನಗೆ ಅನುಮಾನ ಇರುವುದು ಮೌನಿಯ ಮೇಲೆ. ಬಾಯಿಬಡುಕ ಮೆಕ್ಯಾನಿಕ್ಕು ಸುಳ್ಳು ಹೇಳಿದರೆ ಎಲ್ಲಾದರೂ ಸಿಕ್ಕಿಬೀಳುತ್ತಾನೆ. ಮಾತೇ ಆಡದವನನ್ನು ಹಿಡಿಯುವುದು ಹೇಗೆ? ಎರಡು ಸಲ ಬಿಚ್ಚಿದನಂತೆ, ಏನೂ ಇಲ್ಲವಂತೆ, ಆದರೂ ಸಾಮಾನು ಬದಲಿಸಿದನಂತೆ. ಏನೂ ಇಲ್ಲದಿದ್ದರೆ ಬದಲಿಸಿದ್ದೇಕೆ? ತೆಗೆದ ಹಳೇ ಸಾಮಾನನ್ನು ಕೇಳಿ ಇಸಿದುಕೋ. ಕೊಡಲು ಹಿಂದೆಮುಂದೆ ನೋಡಿದರೆ ತಿಳಿದುಕೋ.

ನನ್ನ ಅಭಿಪ್ರಾಯ ಕೇಳಿದೆಯಲ್ಲ: ಬೇರೆ ಗಾಡಿ ತಗೋ. ಇಪ್ಪತ್ತೊಂದು ವರ್ಷ ಸಾಕು.

ತಮ್ಮ


ಫೆಬ್ರವರಿ ೨೪

ತಮ್ಮನಿಗೆ,

ಮುಖ ಊದಿಸಿಲ್ಲ. ಆದರೆ ನಿನಗೆ ಇಷ್ಟು ಬೇಗ ಕಪ್ಪೆ ಸಾಕಾಯಿತೆಂದು ಗೊತ್ತಿರಲಿಲ್ಲ. ಗಾಡಿ ಮಾರಿಸಿ ನಿನ್ನ ಪಾಲು ಬಿಡಿಸಿಕೊಳ್ಳುವ ಯೋಚನೆ ಏನಾದರೂ ಇದ್ದರೆ ನೀನೂ ನೇರವಾಗಿಯೇ ಬರೆಯಬಹುದು.

ನೀನು ಹೇಳಿದಂತೆ ಹಳೇ ಸಾಮಾನು ಕೇಳಿದೆ. ಹಿಂದೆಮುಂದೆ ನೋಡಲಿಲ್ಲ. ಒಳಗೆ ಹೋಗಿ, ದಿನಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಪ್ಯಾಡುಗಳನ್ನು ತಂದು ಕೈಗಿಟ್ಟ. ನಾನು ಕೇಳುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತೇನೋ! ಬಿಚ್ಚಿ ನೋಡಿದರೆ ಅವು ಸವೆದೇ ಇಲ್ಲ. "ಇವು ಚೆನ್ನಾಗೇ ಇವೆಯಲ್ಲಯ್ಯ" ಎಂದೆ.

"ಹೌದು" ಎಂದ.

"ಮತ್ತೆ ಯಾಕೆ ಬದಲಾಯಿಸ್ದೆ?"

"ನೀವು ಬದಲಾಯ್ಸು ಅಂದ್ರಿ."

ಹಾಗಂದದ್ದು ನಿಜ. ಆದರೂ ಆ ಮಾತು ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಆಮೇಲೆ ಅವನೇ ನನ್ನ ಜಾಗದಲ್ಲಿ ಕೂತು, ದರ್ಜಿಯ ಕೈಯಲ್ಲಿ ಗಾಡಿ ಓಡಿಸಿ, ಹತ್ತು ಸಲ ಬ್ರೇಕ್ ಒತ್ತಿದ. ಹತ್ತು ಸಲವೂ ಗೂಟ ಹೊಡೆದಂತೆ ನಿಂತಿತು. ನಾನು ಕೂತಾಗ ಮತ್ತೆ ತಡ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯ!

ಇನ್ನೊಂದು ವಿಷಯ. ಅವನು ಇತ್ತೀಚೆಗೆ ನನ್ನ ಮುಖ ನೋಡಿ ಮಾತಾಡುವುದಿಲ್ಲ. ತಲೆ ತಗ್ಗಿಸಿ ನನ್ನ ಕಾಲನ್ನೇ ನೋಡುತ್ತಿರುತ್ತಾನೆ. ಇಪ್ಪತ್ತು ವರ್ಷದ ಪರಿಚಯ, ಯಾವತ್ತೂ ಹೀಗಿರಲಿಲ್ಲ. ತಪ್ಪು ಮಾಡಿದವನು ತಲೆ ತಗ್ಗಿಸುವ ರೀತಿ ನನಗೆ ಗೊತ್ತು. ದಿನಾ ನಾಲ್ಕು ಜನ ಶಿಷ್ಯೆಯರನ್ನು ನೋಡುತ್ತೇನೆ.

ಅಕ್ಕ


ಮಾರ್ಚ್ ೫

ಅಕ್ಕ,

ಪಾಲಿನ ಮಾತನ್ನು ಇನ್ನೊಮ್ಮೆ ಬರೆಯಬೇಡ.

ಮೌನಿಯ ಆಟ ನನಗೀಗ ಸ್ಪಷ್ಟವಾಗಿದೆ. ಗಾಡಿ ಮೇಲೆ ನಿನಗೆ ಬೇಸರ ಬರಿಸಬೇಕು. ಕೊನೆಗೆ "ನೀನೇ ಇಟ್ಟುಕೋ ಮಾರಾಯ" ಎಂದು ನೀನು ಬಿಟ್ಟುಕೊಡಬೇಕು. ಹಳೇ ಗಾಡಿಯದರಷ್ಟು ಗಟ್ಟಿ ಎಂಜಿನ್ನನ್ನು ಈಗ ಯಾರೂ ಮಾಡುವುದಿಲ್ಲ. ಅವನು ಒತ್ತಿದರೆ ಹಿಡಿಯುತ್ತದೆ, ನೀನು ಒತ್ತಿದರೆ ಇಲ್ಲ ಎಂದರೆ, ನಡುವೆ ಏನನ್ನೋ ಸಡಿಲಿಸಿ ಬಿಗಿ ಮಾಡುತ್ತಿದ್ದಾನೆ. ನೀನು ಆ ಕಡೆ ತಿರುಗುವಷ್ಟು ಹೊತ್ತು ಸಾಕು.

ನೇಲ್ ಪಾಲಿಶ್ ಇದೆಯಾ? ಪೆಡಲಿನ ಕಡ್ಡಿ, ಅದರ ತುದಿಯ ನಟ್ಟು, ಆಯಿಲ್ ಡಬ್ಬಿಯ ಮುಚ್ಚಳ, ಮೂರಕ್ಕೂ ಅಡ್ಡಲಾಗಿ ಒಂದೊಂದು ಸಣ್ಣ ಗೀಟು ಎಳೆ. ಯಾರು ತಿರುಗಿಸಿದರೂ ಗೀಟು ಮುರಿಯುತ್ತದೆ. ನಾವು ಹಡಗಿನಲ್ಲಿ ಹೀಗೇ ಮಾಡುವುದು. ಅವನಿಗೆ ತಿಳಿಸಬೇಡ.

ಇಲ್ಲಿ ಒಂದು ದೊಡ್ಡ ಸರಕು ಹಡಗನ್ನು ಮೇಲೆತ್ತಿ ನಿಲ್ಲಿಸಿದ್ದೇವೆ. ಜೂನ್ ತನಕ ರಜೆಯ ಮಾತೇ ಇಲ್ಲ. ಇಲ್ಲದಿದ್ದರೆ ನಾನೇ ಬಂದು ಅವನ ಮುಖಕ್ಕೆ ಟಾರ್ಚ್ ಹಿಡಿಯುತ್ತಿದ್ದೆ.

ತಮ್ಮ


ಮಾರ್ಚ್ ೧೫

ತಮ್ಮನಿಗೆ,

ಈ ವಯಸ್ಸಿನಲ್ಲಿ ನೇಲ್ ಪಾಲಿಶ್ ಕೊಳ್ಳಲು ಹೋಗಿ ಅಂಗಡಿಯವಳ ನಗೆಗೆ ಗುರಿಯಾದೆ. "ಯಾವ ಬಣ್ಣ ಅಮ್ಮಾ?" ಎಂದಳು. "ನಟ್ಟಿಗೆ ಒಪ್ಪೋದು ಕೊಡು" ಎನ್ನಲಾಗುತ್ತದೆಯೇ?

ಮೂರು ಕಡೆಯೂ ಗೀಟು ಎಳೆದೆ. ಗಾಡಿಯನ್ನು ಬೇಕೆಂದೇ ಎರಡು ದಿನ ಗ್ಯಾರೇಜಿನಲ್ಲಿ ಬಿಟ್ಟೆ. ವಾಪಸ್ಸು ತಂದು ನೋಡಿದರೆ ಮೂರೂ ಗೀಟು ಎಳೆದ ಹಾಗೇ ಇವೆ. ಅವನು ಕೈಯನ್ನೇ ಇಟ್ಟಿಲ್ಲ. ಆದರೆ ಬ್ರೇಕು ಮತ್ತೆ ತಡವಾಯಿತು. ನಿನ್ನ ಲೆಕ್ಕ ತಪ್ಪಿತಪ್ಪ.

ಸರಿ, ನಿನ್ನ ಮಾತೇ ನಡೆಯಲೆಂದು ಹೊಸ ಗಾಡಿಯ ಶೋರೂಮಿಗೂ ಹೋಗಿಬಂದೆ. ಬೆಳ್ಳಗೆ ಹೊಳೆಯುವ ಗಾಡಿ. ಟೈ ಕಟ್ಟಿದ ಸೇಲ್ಸಿನವನು ಪಕ್ಕದಲ್ಲಿ, ನಾನು ಸ್ಟಿಯರಿಂಗಿನಲ್ಲಿ. ಅವರ ಅಂಗಳದ ಗೇಟಿನ ಬಳಿ ಬ್ರೇಕ್ ಒತ್ತಿದೆ. ಅದೂ ತಡ! ಸೇಲ್ಸಿನವನು "ಮೇಡಂ ಮೇಡಂ ಮೇಡಂ" ಎಂದು ಕೂಗಿ ಕೈಬ್ರೇಕ್ ಎಳೆದ. ಈಗಿನ ಗಾಡಿಗಳ ಹಣೆಬರಹವೇ ಇಷ್ಟು, ತಗಡಿನ ಡಬ್ಬಿಗಳು. ನಮ್ಮ ಕಪ್ಪೆಯೇ ವಾಸಿ. ಹಾಗಾಗಿ ಬೇರೆ ಗಾಡಿಯ ಮಾತು ಇಲ್ಲಿಗೆ ಮುಗಿಯಿತು.

ಈಗ ನಾನು ನಿನ್ನನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನೆ ಗಾಡಿ ತರುವಾಗ ಮೌನಿ ತಾನಾಗಿ ಬಾಯಿಬಿಟ್ಟ. "ನಿಮ್ಮ ತಮ್ಮ ಏನಾದ್ರೂ ಬರೆದ್ರಾ?" ಎಂದ.

"ಯಾವ ವಿಷಯ?" ಎಂದೆ. ತಲೆ ಅಲ್ಲಾಡಿಸಿ ಒಳಗೆ ಹೋಗಿಬಿಟ್ಟ.

ನಾವಿಬ್ಬರೂ ಬರೆದುಕೊಳ್ಳುವುದು ಅವನಿಗೆ ಹೇಗೆ ಗೊತ್ತು? ನಿನಗೂ ಅವನಿಗೂ ನಡುವೆ ಏನಿದೆ? ಗಾಡಿಯನ್ನು ಅವನಿಗೆ ಕೊಡುವ ಮಾತುಕತೆ ನನ್ನ ಬೆನ್ನ ಹಿಂದೆ ನಡೆಯುತ್ತಿದೆಯೇ? ಅವನ ಮೇಲೆ ನನಗೆ ಅನುಮಾನ ಬರಿಸಿದವನು ನೀನು. ಈಗ ನೋಡಿದರೆ ಅವನು ನಿನ್ನ ಕಾಗದ ಕಾಯುತ್ತಿದ್ದಾನೆ. ಯಾರನ್ನು ನಂಬಲಿ ಹೇಳು.

ಅಕ್ಕ


ಮಾರ್ಚ್ ೨೪

ಅಕ್ಕ,

ಮೌನಿಗೂ ನನಗೂ ನಡುವೆ ಏನೂ ಇಲ್ಲ. ಏನೋ ಕೇಳಿರುತ್ತಾನೆ, ಬಿಡು.

ನನ್ನದೊಂದು ಮಾತು ನಡೆಸಿಕೊಡು. ನಾನು ಜೂನ್‌ನಲ್ಲಿ ಬರುವ ತನಕ ಪಾಠ ನಿಲ್ಲಿಸು. ಗಾಡಿ ಹೊರಗೆ ತೆಗೆಯಬೇಡ. ಕಾರಣ ಕೇಳಬೇಡ, ಬಂದಾಗ ಹೇಳುತ್ತೇನೆ.

ಆರೋಗ್ಯ ನೋಡಿಕೋ. ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬಾ, ಸುಮ್ಮನೆ, ವರ್ಷಕ್ಕೊಮ್ಮೆ ಎಲ್ಲರೂ ತೋರಿಸಿಕೊಳ್ಳಬೇಕು.

ತಮ್ಮ


ಏಪ್ರಿಲ್ ೧೨

ತಮ್ಮನಿಗೆ,

ಈ ಕಾಗದ ಹತ್ತು ದಿನ ಮೊದಲೇ ಬರೆಯಬೇಕಿತ್ತು. ಎರಡು ಸಲ ಶುರುಮಾಡಿ ಬಿಟ್ಟೆ.

ಎರಡನೇ ತಾರೀಕು ಬೆಳಗ್ಗೆ ಹತ್ತು ಗಂಟೆಗೆ ಅಪಘಾತವಾಯಿತು. ನನಗೇನೂ ಆಗಿಲ್ಲ. ದರ್ಜಿ ಓಡಿಸುತ್ತಿದ್ದಳು. ಶಾಲೆ ಹತ್ತಿರದ ಕೂಡುರಸ್ತೆಯಲ್ಲಿ ನಮ್ಮ ಅಂಚೆಯವರು ಸೈಕಲ್ಲಿನಲ್ಲಿ ಅಡ್ಡ ಬಂದರು. ಅವಳು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಳು. ಕಲಿಯುವವರು ಹಾಗೆಯೇ; ಅದಕ್ಕೆಂದೇ ನನ್ನ ಕಡೆ ಒಂದು ಪೆಡಲು ಇರುವುದು. ನಾನು ಒತ್ತಿದೆ. ಬಲವಾಗಿ ಒತ್ತಿದೆ ಎಂದು ಆಣೆ ಮಾಡಿ ಹೇಳುತ್ತೇನೆ. ಗಾಡಿ ನಿಲ್ಲಲಿಲ್ಲ. ಅಂಚೆಯವರು ಬಾನೆಟ್ಟಿನ ಮೇಲೆ ಬಿದ್ದು ಆಚೆಗೆ ಉರುಳಿದರು. ಕಾಗದಗಳೆಲ್ಲ ರಸ್ತೆ ತುಂಬ. ಕಪ್ಪೆ ಹೋಗಿ ಶಾಲೆಯ ಗೋಡೆಗೆ ಗುದ್ದಿ ನಿಂತಿತು. ಗೋಡೆಯ ಆಚೆ ಮಕ್ಕಳು ಆಡುತ್ತಿದ್ದ ಸದ್ದು ಥಟ್ಟನೆ ನಿಂತಿತಲ್ಲ, ಅದು ಇನ್ನೂ ನನ್ನ ಕಿವಿಯಲ್ಲಿದೆ.

ಅವರ ಬಲ ಮುಂಗೈ ಎರಡು ಕಡೆ ಮುರಿದಿದೆ. ಪ್ರಾಣಕ್ಕೆ ಅಪಾಯವಿಲ್ಲ. ದರ್ಜಿ ಅವತ್ತಿನಿಂದ ಹೊಲಿಗೆ ಮೆಷಿನ್ನಿನ ಪೆಡಲನ್ನೂ ತುಳಿದಿಲ್ಲವಂತೆ. "ನಾನೇ ಕೊಲ್ತಿದ್ದೆ ಅಕ್ಕಾ" ಎಂದು ಅಳುತ್ತಾಳೆ.

ವಾಹನ ಇನ್‌ಸ್ಪೆಕ್ಟರ್ ಬಂದು ಕೇಳಿದರು. ಬ್ರೇಕು ಹಿಡಿಯಲಿಲ್ಲ ಎಂದೆ. ಕೊನೆಯ ಸಲ ಬ್ರೇಕು ಬಿಚ್ಚಿದ್ದು ಯಾರು ಎಂದರು. ಮೌನಿಯ ಹೆಸರು ಹೇಳಿದೆ. ಎರಡು ತಿಂಗಳಿನಿಂದ ಅವನ ಮೇಲೆ ಅನುಮಾನ ಇತ್ತೆಂದೂ ಹೇಳಿದೆ. ಬೀದಿಯ ಜನರೆಲ್ಲ ನಿಂತು ಕೇಳುತ್ತಿದ್ದರು. ಗಾಡಿಯನ್ನು ತಪಾಸಣೆಗೆ ಎಳೆದುಕೊಂಡು ಹೋದರು, ಅದು ಮುಗಿಯುವ ತನಕ ಎಂದು ಅವನ ಗ್ಯಾರೇಜಿಗೆ ಬೀಗ ಹಾಕಿದರು. ಬೀಗ ಹಾಕುವಾಗ ಅವನು ಒಂದು ಮಾತನ್ನೂ ಆಡಲಿಲ್ಲವಂತೆ. ನಿಜವಾದ ಮನುಷ್ಯನಾಗಿದ್ದರೆ ಕೂಗಾಡಬೇಕಿತ್ತು ಅಲ್ಲವೇ?

ಪಾಠ ನಿಲ್ಲಿಸು ಎಂಬ ನಿನ್ನ ಕಾಗದ ಅಪಘಾತಕ್ಕೆ ಎರಡು ದಿನ ಮುಂಚೆಯೇ ಬಂದಿತ್ತು. ನಾನು ನಿಲ್ಲಿಸಲಿಲ್ಲ. ಕಾರಣ ಬರೆದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ನಿನಗೆ ಏನು ಗೊತ್ತಿತ್ತು? ಈಗಲಾದರೂ ಹೇಳು.

ಅಕ್ಕ


ಏಪ್ರಿಲ್ ೨೦

ಅಕ್ಕ,

ಹೇಳುತ್ತೇನೆ. ಪೂರ್ತಿ ಓದು, ಅರ್ಧಕ್ಕೆ ಹರಿದುಹಾಕಬೇಡ.

ಫೆಬ್ರವರಿಯಲ್ಲಿ ನಿನಗೆ ಬರೆದ ದಿನವೇ ನಾನು ಮೌನಿಗೂ ಒಂದು ಕಾಗದ ಹಾಕಿದ್ದೆ. ಒಳ್ಳೆಯ ಕಾಗದವಲ್ಲ. ಒಂಟಿ ಹೆಂಗಸೆಂದು ಆಟವಾಡಬೇಡ, ನನಗೂ ಯಂತ್ರ ಗೊತ್ತು, ಬಂದರೆ ನಿನ್ನ ಅಂಗಡಿ ಬಿಚ್ಚಿಹಾಕುತ್ತೇನೆ ಎಂದೆಲ್ಲ ಬರೆದಿದ್ದೆ. ಮಾರ್ಚ್ ಹತ್ತಕ್ಕೆ ಅವನ ಉತ್ತರ ಬಂತು. ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಆದರೂ ಇಲ್ಲಿ ನಕಲು ಮಾಡುತ್ತೇನೆ. ನನ್ನ ಕೈಯಲ್ಲೇ ಬರೆಯುವುದು ನನಗೆ ಸಲ್ಲಬೇಕಾದ ಶಿಕ್ಷೆ.

"ಅಣ್ಣಾವ್ರಿಗೆ ನಮಸ್ಕಾರ. ನಿಮ್ಮ ಬೆಸುಗೆ ಗಟ್ಟಿ ಇದೆ. ಬ್ರೇಕ್ ಸರಿ ಇದೆ. ಗಾಡಿ ಇನ್ನೂ ಹತ್ತು ವರ್ಷ ಓಡ್ತದೆ. ಅಕ್ಕಾವ್ರ ಬಲಗಾಲು ಡಾಕ್ಟರಿಗೆ ತೋರಿಸಿ. ಅವರ ಚಪ್ಪಲಿ ನಮ್ಮ ಗ್ಯಾರೇಜಲ್ಲಿ ಎರಡು ಸಲ ಬಿಟ್ಟುಹೋಗಿದೆ, ಅವರಿಗೆ ಗೊತ್ತಾಗಿಲ್ಲ. ಮೊನ್ನೆ ನೆಲದ ಮೇಲೆ ರಕ್ತ ಇತ್ತು. ತಗಡಿನ ಚೂರು ಅಂಗಾಲಿಗೆ ಹೊಕ್ಕಿತ್ತು. ಅವರು ನಿಂತ್ಕೊಂಡು ನಗ್ತಾ ಮಾತಾಡ್ತಾ ಇದ್ರು. ನಾನು ಹೇಳಿದ್ರೆ ರಿಪೇರಿ ಬರದೆ ನೆವ ಹೇಳ್ತಾನೆ ಅಂತಾರೆ. ನೀವು ಒಡಹುಟ್ಟಿದವರು. ನೀವು ಹೇಳಿ. ಬೇಗ ಹೇಳಿ."

ಇಷ್ಟೇ. ಓದಿದಾಗ ನನಗೆ ಬಂದದ್ದು ಸಿಟ್ಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದುಕೊಂಡೆ; ತನ್ನ ತಪ್ಪನ್ನು ನಿನ್ನ ಕಾಲಿನ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡೆ. ಒಳಗೊಳಗೇ ಇನ್ನೊಂದು ಮಾತೂ ಇತ್ತು. ನನ್ನ ಬೆಸುಗೆ ಗಟ್ಟಿ ಇದೆ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ, ಉಳಿದದ್ದನ್ನು ಅಷ್ಟು ಓದಲಿಲ್ಲ. ಆಮೇಲೆ ಹೊಸ ಗಾಡಿಯ ಬ್ರೇಕೂ ತಡವಾಯಿತೆಂದು ನೀನು ಬರೆದೆ. ಆಗ ಅವನ ಕಾಗದವನ್ನು ಮತ್ತೆ ತೆಗೆದು ಪೂರ್ತಿ ಓದಿದೆ. ಆಗಲೂ ನೇರವಾಗಿ ಬರೆಯಲಿಲ್ಲ. ಅವನ ಕಾಗದದ ವಿಷಯ ಹೇಳಿದರೆ ನನ್ನ ಕಾಗದದ ವಿಷಯವೂ ಹೊರಗೆ ಬರುತ್ತಿತ್ತು. ಪಾಠ ನಿಲ್ಲಿಸು ಎಂದಷ್ಟೇ ಬರೆದು, ದೊಡ್ಡ ಕೆಲಸ ಮಾಡಿದವನಂತೆ ಮಲಗಿದೆ.

ಈಗ ಏನು ಮಾಡಬೇಕೆಂದು ನೀನೇ ತೀರ್ಮಾನಿಸು. ಈ ಕಾಗದದ ವಿಷಯ ಗೊತ್ತಿರುವುದು ನಮಗೆ ಮೂವರಿಗೆ ಮಾತ್ರ. ಇಲ್ಲಿಯ ತನಕ ಅವನು ಯಾರಿಗೂ ಹೇಳಿಲ್ಲವೆಂದರೆ ಮುಂದೂ ಹೇಳಲಾರ.

ತಮ್ಮ


ಏಪ್ರಿಲ್ ೩೦

ಎರಡೂ ಕಾಗದ ತಲುಪಿದವು. ಅವನದನ್ನು ನಾಲ್ಕು ಸಲ ಓದಿದೆ. ನಿನ್ನದನ್ನು ಒಂದು ಸಲ.

ಕೊನೆಯ ಎರಡು ಸಾಲು ಯಾಕೆ ಬರೆದೆ? ನಾನು ಸುಮ್ಮನಿರಲಿ ಎಂದೇ?

ಉತ್ತರ ಬೇಡ. ನಾನಾಗಿ ಬರೆಯುವ ತನಕ ಬರೆಯಬೇಡ.


ಮೇ ೨೧

ತಮ್ಮನಿಗೆ,

ಕೋಪ ಪೂರ್ತಿ ಇಳಿದಿಲ್ಲ. ಆದರೆ ನಡೆದದ್ದು ನಿನಗೆ ತಿಳಿಯಬೇಕು, ಬೇರೆಯವರ ಬಾಯಿಂದ ಅಲ್ಲ.

ಮೊದಲು ನನ್ನ ತಪ್ಪು ಬರೆಯುತ್ತೇನೆ. ಚಪ್ಪಲಿ ಕಳೆದದ್ದು ಮರೆವಿನಿಂದಲ್ಲ ಎಂದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಬಲ ಅಂಗಾಲು ದಪ್ಪ ಬಟ್ಟೆ ಸುತ್ತಿದ ಹಾಗಿದೆ. ಡಿಸೆಂಬರಿನಲ್ಲಿ ಬಿಸಿನೀರು ಚೆಲ್ಲಿ ಬೊಬ್ಬೆ ಎದ್ದಿತ್ತು; ಎದ್ದ ಮೇಲೆ ನೋಡಿಯೇ ತಿಳಿದದ್ದು. ಸುಳಿವು ಕೊಡೋಣವೆಂದು ನಗುತ್ತಾ ಚಪ್ಪಲಿಯ ವಿಷಯ ನಿನಗೆ ಬರೆದೆ. ನೀನು ಕುಣಿಯಲಾರದವಳ ಗಾದೆ ಬರೆದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡೆ. ನಿನ್ನ ಮೇಲೆ ಹಾಕುತ್ತಿಲ್ಲ. ಮುಚ್ಚಿಕೊಳ್ಳಲು ನನಗೂ ಒಂದು ನೆವ ಬೇಕಿತ್ತು. ಗಾಡಿ ಕೆಟ್ಟರೆ ರಿಪೇರಿ ಇದೆ, ಮೌನಿ ಕೆಟ್ಟವನಾದರೆ ಬೇರೆ ಗ್ಯಾರೇಜು ಇದೆ. ಕಾಲು ಕೆಟ್ಟರೆ ನಾನು ಯಾರು? ಅದಕ್ಕೇ ಎಲ್ಲರ ಮೇಲೂ ಅನುಮಾನಪಟ್ಟೆ, ನನ್ನೊಬ್ಬಳನ್ನು ಬಿಟ್ಟು.

ಡಾಕ್ಟರ ಹತ್ತಿರ ಹೋದೆ. ಕಣ್ಣು ಮುಚ್ಚಿಸಿ ಮಲಗಿಸಿದರು. "ಯಾವ ಬೆರಳು ಮುಟ್ತಾ ಇದೀನಿ ಹೇಳಿ" ಎಂದರು.

"ಮೊದಲು ಮುಟ್ಟಿ ಡಾಕ್ಟ್ರೇ, ಆಮೇಲೆ ಹೇಳ್ತೀನಿ" ಎಂದೆ.

ಅವರು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟರು. "ಐದೂ ಬೆರಳು ಮುಟ್ಟಿ ಆಯ್ತಮ್ಮ" ಎಂದರು.

ಸಕ್ಕರೆ ಕಾಯಿಲೆ, ಎಷ್ಟೋ ವರ್ಷದ್ದು. ಪಾದದ ನರಗಳು ಸತ್ತಿವೆ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದಂತೆ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ಕಾಲಿಗಾಗಿ ಅಳಲಿಲ್ಲ. ಆ ಗೋಡೆಯ ಆಚೆ ಮಕ್ಕಳಿದ್ದರಲ್ಲ, ಅದಕ್ಕೆ.

ಅಲ್ಲಿಂದ ನೇರ ಇನ್‌ಸ್ಪೆಕ್ಟರ ಆಫೀಸಿಗೆ. ಡಾಕ್ಟರ ಚೀಟಿ, ಮೌನಿಯ ಕಾಗದ, ನನ್ನ ಲೈಸೆನ್ಸು, ಮೂರನ್ನೂ ಮೇಜಿನ ಮೇಲಿಟ್ಟೆ. ಅವರು ಓದಿ, "ಯೋಚ್ನೆ ಮಾಡಿ. ಇದನ್ನ ಕೊಟ್ರೆ ವಾಪಸ್ ಸಿಗಲ್ಲ" ಎಂದರು. "ಯೋಚ್ನೆ ಮಾಡಿದ್ದು ಹೆಚ್ಚಾಗಿಯೇ ಹೀಗಾಯ್ತು, ಬರ್ಕೊಳ್ಳಿ" ಎಂದೆ. ಗ್ಯಾರೇಜಿನ ಬೀಗ ಮಾರನೇ ದಿನ ತೆಗೆದರು. ನನ್ನ ಮೇಲಿನ ವಿಚಾರಣೆ ಇನ್ನೂ ಇದೆ, ಕರೆದಾಗ ಹೋಗುತ್ತೇನೆ.

ಅಂಚೆಯವರ ಮನೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕೈ ದಿಂಬಿನ ಮೇಲೆ. ಅವರು ಒಳ್ಳೆಯ ಮಾತೇನೂ ಆಡಲಿಲ್ಲ, ಆಡಬೇಕಾಗಿಯೂ ಇಲ್ಲ. "ಗೊತ್ತಿದ್ದೂ ಕೂತ್ರಾ?" ಎಂದು ಕೇಳಿದರು. ಹೌದು ಎಂದೆ. ಅವರ ಹೆಂಡತಿ ಬಾಗಿಲು ತೆರೆದು ಹಿಡಿದರು, ಎದ್ದು ಬಂದೆ.

ದರ್ಜಿಗೆ ಹೇಳಿದಾಗ ಅವಳು ಮೊದಲು ಅತ್ತಳು, ಆಮೇಲೆ ಸಿಟ್ಟಿಗೆದ್ದಳು. "ಒಂದು ತಿಂಗಳು! ಒಂದು ತಿಂಗಳು ನಾನು ಊಟ ನಿದ್ದೆ ಬಿಟ್ಟಿದೀನಿ ಅಕ್ಕಾ. ನನ್ನ ಕಾಲೇ ಪಾಪಿ ಕಾಲು ಅಂದ್ಕೊಂಡಿದ್ದೆ!" ಬೈದಳು ನೋಡು, ಬಾಯಿಗೆ ಬಂದದ್ದೆಲ್ಲ. ಇಪ್ಪತ್ತೊಂದು ವರ್ಷದಲ್ಲಿ ಯಾವ ಶಿಷ್ಯೆಯೂ ನನಗೆ ಹಾಗೆ ಬೈದಿರಲಿಲ್ಲ. ಬೈಸಿಕೊಂಡ ಮೇಲೆ ಎದೆ ಸ್ವಲ್ಪ ಹಗುರವಾಯಿತು.

ಕೊನೆಗೆ ಮೌನಿಯ ಹತ್ತಿರ. ಎಲ್ಲರಿಗಿಂತ ಕಷ್ಟವಾದದ್ದು ಅಲ್ಲೇ. ಬೀಗ ತೆಗೆದಿದ್ದರೂ ಗ್ಯಾರೇಜಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಅವನೊಬ್ಬನೇ ಸ್ಪ್ಯಾನರುಗಳನ್ನು ಒರೆಸುತ್ತಾ ಕೂತಿದ್ದ. "ತಪ್ಪಾಯ್ತು" ಎಂದೆ. ಅವನು ಸ್ಟೂಲು ಎಳೆದು ಕೊಟ್ಟ.

ಒರೆಸಿದ ಸ್ಪ್ಯಾನರನ್ನು ಪಕ್ಕಕ್ಕಿಟ್ಟು, "ನಾನೂ ನಿಮ್ಮ ಎದುರಿಗೇ ಹೇಳ್ಬೇಕಿತ್ತು. ಕಾಗದ ಹಾಕಿ ಕೈ ತೊಳ್ಕೊಂಡೆ" ಎಂದ. ಇನ್ನೊಂದನ್ನು ಕೈಗೆತ್ತಿಕೊಂಡು, "ಆದ್ರೆ ಬೀದೀಲಿ ಎಲ್ರ ಮುಂದೆ ಹೇಳಿದ್ರಲ್ಲ, ಅದು ಮರೆಯೋಕಾಗಲ್ಲ ಅಕ್ಕಾವ್ರೆ" ಎಂದ. ಮರೆಯಬೇಡ ಎಂದೆ. ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ಅವತ್ತೇ ನಮ್ಮ ಸ್ಕೂಲಿನ ಬೋರ್ಡ್ ಇಳಿಸಿ, ಅದರ ಹಿಂಬದಿಯಲ್ಲಿ ಬಣ್ಣದಿಂದ ಬರೆಸಿ ಅದೇ ಮೊಳೆಗೆ ನೇತುಹಾಕಿದ್ದೇನೆ: ಅಪಘಾತಕ್ಕೆ ಕಾರಣ ನನ್ನ ಕಾಲು, ಗ್ಯಾರೇಜಿನ ಕೆಲಸವಲ್ಲ. ಹೋಗುವವರು ಬರುವವರು ನಿಂತು ಓದುತ್ತಾರೆ. ಓದಲಿ. ಈ ವಾರ ಅವನ ಬಳಿಗೆ ಎರಡು ಗಾಡಿ ವಾಪಸ್ಸು ಬಂದಿವೆ.

ನೀನು ಅವನಿಗೆ ಬರೆಯಬೇಕಾದ ಕಾಗದವೊಂದು ಬಾಕಿ ಇದೆ. ನಿನ್ನ ಪರವಾಗಿ ನಾನು ಏನನ್ನೂ ಕೇಳಿಕೊಂಡಿಲ್ಲ. ನನ್ನ ಮೂಲಕ ಕಳಿಸಬೇಡ, ಅವನಿಗೇ ಬರೆ.

ಇನ್ನು ನಾನು ಮೊದಲು ಕೇಳಿದ್ದ ವಿಷಯ. ಕಪ್ಪೆಯನ್ನು ಕೊಡುವುದಿಲ್ಲ. ತಪಾಸಣೆ ಮುಗಿದು ವಾಪಸ್ಸು ಬಂದಿದೆ; ಮೂತಿ ಒಳಗೆ ಹೋಗಿತ್ತು, ಮೌನಿ ತಟ್ಟಿ ಸರಿಮಾಡಿದ್ದಾನೆ. ಎಂಜಿನ್ನಿಗೆ ಏನೂ ಆಗಿಲ್ಲ. ನಾನು ಅದನ್ನು ಓಡಿಸುವುದಿಲ್ಲ, ಪಾಠವನ್ನೂ ಹೇಳುವುದಿಲ್ಲ. ಆದರೆ ದರ್ಜಿಯ ಕಲಿಕೆ ಅರ್ಧಕ್ಕೆ ನಿಂತಿದೆ. ಅವಳು ಹೊಲಿದ ಬಟ್ಟೆಗಳನ್ನು ಊರಾಚೆಯ ಅಂಗಡಿಗಳಿಗೆ ತಲುಪಿಸಬೇಕು. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ ಎನ್ನುತ್ತಿದ್ದಳು. ಮೌನಿಯೇ ಅವಳ ಬಾಗಿಲಿಗೆ ಹೋಗಿ, "ಬನ್ನಿ, ನಾನು ಕೂರ್ತೀನಿ" ಎಂದನಂತೆ. ಅವನು ಕರೆದದ್ದೇ ಆಶ್ಚರ್ಯವಾಗಿ ಅವಳು ಎದ್ದುಬಂದಳಂತೆ.

ನಿನ್ನೆ ಬೆಳಗ್ಗೆ ಹೊರಟೆವು. ಅವಳು ಸ್ಟಿಯರಿಂಗಿನಲ್ಲಿ, ಅವನು ನನ್ನ ಜಾಗದಲ್ಲಿ. ನಾನು ಹಿಂದಿನ ಸೀಟಿನಲ್ಲಿ. ನಮ್ಮ ಗಾಡಿಯ ಹಿಂದಿನ ಸೀಟು ಅಷ್ಟು ಗಟ್ಟಿ ಎಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದೆ. ಶಾಲೆಯ ಕೂಡುರಸ್ತೆ ಬಂತು. ಬೇಸಿಗೆ ಶಿಬಿರದ ಮಕ್ಕಳ ಸಾಲೊಂದು ಚೀಲಗಳನ್ನು ಹೊತ್ತು ದಾಟಲು ನಿಂತಿತ್ತು. ಅವಳ ಕತ್ತಿನ ಹಿಂದೆ ಬೆವರು ಕಾಣುತ್ತಿತ್ತು. ನಾನು ಮುಂದಕ್ಕೆ ಬಾಗಿ ನೋಡಿದೆ. ಮೌನಿಯ ಪಾದ ಪೆಡಲಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತ್ತು, ಇಳಿಯಲಿಲ್ಲ. ಅವಳೇ ಒತ್ತಿದಳು, ಮೆಲ್ಲಗೆ, ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ. ಮಕ್ಕಳು ಒಬ್ಬೊಬ್ಬರಾಗಿ ದಾಟಿದರು.

ಮೌನಿ ಹಿಂದಕ್ಕೆ ತಿರುಗಿ, ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದ.

"ಹಿಡೀತಾ ಅಕ್ಕಾವ್ರೆ?" ಎಂದ.

"ಹಿಡೀತು" ಎಂದೆ.

ನಿನ್ನ ಅಕ್ಕ